ಜರ್ಮನಿಯ ಭಾನುವಾರ: ದಿನಸಿ, ದೋಸೆ ಹಿಟ್ಟು, ಸಂಘದ ಹಬ್ಬ – ಕಾನೂನಿನೊಳಗೆ ನಿಭಾಯಿಸುವ ಬಗೆ

ಶನಿವಾರ ಸಂಜೆ ಮ್ಯೂನಿಕ್‌ಗೆ ಬಂದಿಳಿದವರು ಸೂಟ್‌ಕೇಸ್ ಬಿಚ್ಚುವ ಮೊದಲೇ ಒಂದು ಸೂಪರ್‌ಮಾರ್ಕೆಟ್ ಹುಡುಕಿಕೊಳ್ಳಬೇಕು. ಗಂಟೆ 8 ದಾಟಿತೆಂದರೆ ಹಾಲು, ಅಕ್ಕಿ, ಈರುಳ್ಳಿ ಸಿಗುವುದು ಸೋಮವಾರ ಬೆಳಿಗ್ಗೆಗೇ. ಭಾನುವಾರ ಇಡೀ ಜರ್ಮನಿಯಲ್ಲಿ ಅಂಗಡಿಗಳಿಗೆ ಬೀಗ. ಇಂಡಿಯನ್ ಸ್ಟೋರ್‌ಗೂ ಅದೇ ಕಾನೂನು, ಮಾಲೀಕರು ನಮ್ಮವರೇ ಆದರೂ ಬಾಗಿಲು ತೆಗೆಯುವ ಹಾಗಿಲ್ಲ.

ಇದು ವ್ಯಾಪಾರಿಗಳ ವಾರದ ರಜೆಯಲ್ಲ, ಸಂವಿಧಾನದ ಮಾತು. ಕ್ರಿ.ಶ. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರ ನ್ಯಾಯಾಲಯ, ಪೇಟೆಯ ಕೆಲಸ ನಿಲ್ಲಬೇಕೆಂದು ಆಜ್ಞೆ ಹೊರಡಿಸಿದ್ದ. ಜರ್ಮನಿಯಲ್ಲಿ 1919ರ ವೈಮಾರ್ ಸಂವಿಧಾನದ 139ನೇ ವಿಧಿ ಭಾನುವಾರ ಮತ್ತು ಸರ್ಕಾರಿ ಹಬ್ಬಗಳನ್ನು ದುಡಿಮೆಯಿಂದ ಬಿಡುವಿಗೂ ಮನಸ್ಸಿನ ಉನ್ನತಿಗೂ ಮೀಸಲಿಟ್ಟಿತು. 1949ರ ಈಗಿನ ಸಂವಿಧಾನ ತನ್ನ 140ನೇ ವಿಧಿಯ ಮೂಲಕ ಅದನ್ನು ಹಾಗೇ ಉಳಿಸಿಕೊಂಡಿದೆ. ಬರ್ಲಿನ್ ಸರ್ಕಾರ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಬಿಟ್ಟಾಗ ಚರ್ಚುಗಳು ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿದವು, 2009ರ ಡಿಸೆಂಬರ್ 1ರಂದು ಗೆದ್ದವು. ಕಾರ್ಮಿಕ ಸಂಘಟನೆ ವೆರ್‌ಡಿಯದೂ ಇದರಲ್ಲಿ ಚರ್ಚಿನದೇ ಪಕ್ಷ. ಪಾದ್ರಿಗೆ ಪ್ರಾರ್ಥನೆಯ ಚಿಂತೆ, ಸಂಘಟನೆಗೆ ಕ್ಯಾಷಿಯರ್‌ಗಳ ರಜೆಯ ಚಿಂತೆ. ಎರಡೂ ಒಂದೇ ಕಡೆ ನಿಂತಿರುವವರೆಗೆ ಈ ಕಾನೂನು ಸಡಿಲವಾಗುವುದನ್ನು ಕಾಯುವುದರಲ್ಲಿ ಅರ್ಥವಿಲ್ಲ. ಅದರೊಳಗೇ ವಾರವನ್ನು ಜೋಡಿಸಿಕೊಳ್ಳುವುದು ಮೇಲು.

ಮೊದಲು ತಿಳಿಯಬೇಕಾದ್ದು, ಕಾನೂನು ಒಂದೇ ಕಡೆ ಕೂತಿಲ್ಲ. ಭಾನುವಾರದ ರಕ್ಷಣೆ ಸಂವಿಧಾನದಲ್ಲಿ. ಅಂಗಡಿ ವೇಳೆ 2006ರಿಂದ ರಾಜ್ಯಗಳ ಕೈಯಲ್ಲಿ. ಯಾವ ಹಬ್ಬಕ್ಕೆ ರಜೆ ಎಂಬುದೂ ಬಹುಮಟ್ಟಿಗೆ ರಾಜ್ಯದ್ದೇ. ಸದ್ದುಗದ್ದಲದ ನಿಯಮ ಕೊಂಚ ಕೇಂದ್ರದ್ದು, ಕೊಂಚ ಊರಿನದು, ಉಳಿದದ್ದು ನಿಮ್ಮ ಬಾಡಿಗೆ ಕರಾರಿನ ಜೊತೆ ಬರುವ ಹೌಸ್‌ಓರ್ಡ್‌ನುಂಗ್ ಎಂಬ ಕಟ್ಟಡದ ನಿಯಮಪಟ್ಟಿಯದು. ಹಾಗಾಗಿ ಬರ್ಲಿನ್‌ನ ಗೆಳೆಯರು ವಾಟ್ಸಾಪಿನಲ್ಲಿ ಕೊಟ್ಟ ಸಲಹೆ ಸ್ಟುಟ್‌ಗಾರ್ಟ್‌ನಲ್ಲಿ ಕೈಕೊಡಬಹುದು.

ಶನಿವಾರದ ಪಟ್ಟಿ

ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಸೋಮವಾರದಿಂದ ಶನಿವಾರದವರೆಗೆ ಅಂಗಡಿ ವೇಳೆ ಬೆಳಿಗ್ಗೆ 6ರಿಂದ ರಾತ್ರಿ 8. 2025ರ ಆಗಸ್ಟ್‌ನಲ್ಲಿ ಹೊಸ ಕಾಯ್ದೆ ಬಂದರೂ ಈ 8 ಗಂಟೆ ಕದಲಲಿಲ್ಲ. ಬರ್ಲಿನ್, ಹೆಸ್ಸೆನ್, ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ ಶನಿವಾರ ಮಧ್ಯರಾತ್ರಿವರೆಗೂ ತೆರೆಯಲು ಅವಕಾಶವಿದೆ. ಆದರೆ ಅವಕಾಶವಿದೆ ಎಂದಮಾತ್ರಕ್ಕೆ ಅಂಗಡಿ ತೆರೆದಿರುತ್ತದೆ ಎಂದಲ್ಲ. ದೊಡ್ಡ ಊರಿನಲ್ಲಿ 10 ಗಂಟೆಯವರೆಗೆ ಇರುವ ಸೂಪರ್‌ಮಾರ್ಕೆಟ್, ಹಳ್ಳಿಯಲ್ಲಿ 8ಕ್ಕೇ ಮುಚ್ಚುತ್ತದೆ. ಬಾಗಿಲ ಮೇಲಿನ ವೇಳಾಪಟ್ಟಿಯೇ ಪ್ರಮಾಣ.

ಸಂಜೆ 5ರಿಂದ 7ರವರೆಗೆ ನೂಕುನುಗ್ಗಲು. ಕೊತ್ತಂಬರಿ, ಹಸಿಮೆಣಸಿನಕಾಯಿ, ಶುಂಠಿ ಆ ಹೊತ್ತಿಗೆ ಖಾಲಿಯಾಗಿರುತ್ತವೆ. ಕರಿಬೇವು, ನುಗ್ಗೆಕಾಯಿ ಬೇಕಿದ್ದವರು ಏಷ್ಯನ್ ಅಥವಾ ತಮಿಳರ ಅಂಗಡಿಗೆ ಶನಿವಾರ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು, ಇಂಥ ಸಣ್ಣ ಅಂಗಡಿಗಳು ಶನಿವಾರ ಬೇಗ ಮುಚ್ಚುತ್ತವೆ. ಖಾಲಿ ಬಾಟಲಿಗಳನ್ನೂ ಅಂದೇ ಒಯ್ಯಿರಿ. ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗೆ ತಲಾ 25 ಸೆಂಟ್ ಠೇವಣಿ ವಾಪಸ್ ಬರುತ್ತದೆ, ಆದರೆ ಅದನ್ನು ನುಂಗುವ ಯಂತ್ರ ಇರುವುದು ಅಂಗಡಿಯ ಒಳಗೆ.

ಇಷ್ಟಾದರೂ ಏನೋ ಮರೆತಿರಿ ಅನ್ನಿ. ಭಾನುವಾರ ದಾರಿಗಳು ಇಲ್ಲದಿಲ್ಲ, ದುಬಾರಿ ಅಷ್ಟೇ. ಬೇಕರಿಗಳು ಬೆಳಿಗ್ಗೆ ಕೆಲವು ಗಂಟೆ ತೆರೆದಿರುತ್ತವೆ. ಕೂತು ಕಾಫಿ ಕುಡಿಯುವ ಜಾಗವಿರುವ ಬೇಕರಿ ಹೋಟೆಲಿನ ಲೆಕ್ಕಕ್ಕೆ ಬರುವುದರಿಂದ ದಿನವಿಡೀ ಬ್ರೆಡ್ ಮಾರಬಹುದು ಎಂದು 2019ರಲ್ಲಿ ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ ಹೇಳಿದೆ. ಹಾಗಾಗಿ ಮಧ್ಯಾಹ್ನ ಹೋಗುವುದಾದರೆ ಕುರ್ಚಿ ಮೇಜು ಇರುವ ಬೇಕರಿ ನೋಡಿ. ಪೆಟ್ರೋಲ್ ಬಂಕ್‌ನಲ್ಲಿ ಹಾಲು, ಬ್ರೆಡ್, ನೀರು ಸಿಗುತ್ತದೆ, ಬೆಲೆ ಮಾತ್ರ ಕೇಳಬೇಡಿ. ದೊಡ್ಡ ರೈಲು ನಿಲ್ದಾಣ, ವಿಮಾನ ನಿಲ್ದಾಣದ ಅಂಗಡಿಗಳಿಗೆ ಪ್ರಯಾಣಿಕರ ಅಗತ್ಯ ಎಂಬ ವಿನಾಯಿತಿ ಇದೆ. ಮ್ಯೂನಿಕ್, ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಗಳ ಸೂಪರ್‌ಮಾರ್ಕೆಟ್‌ನಲ್ಲಿ ಭಾನುವಾರ ಬುಟ್ಟಿ ಹಿಡಿದು ನಿಂತವರಲ್ಲಿ ಎಷ್ಟು ಜನ ವಿಮಾನ ಹತ್ತುವವರು ಎಂಬುದು ಬೇರೆ ಮಾತು. ಬರ್ಲಿನ್‌ನ ಸ್ಪೇಟಿ ಎಂಬ ರಾತ್ರಿಯಂಗಡಿಗಳಿಗೂ ಭಾನುವಾರದ ಬಂದ್ ಅನ್ವಯಿಸುತ್ತದೆ. ಎಷ್ಟೋ ಅಂಗಡಿ ತೆರೆದೇ ಇರುತ್ತವೆ, ತಪಾಸಣೆ ಬಂದರೆ ದಂಡ ಅಂಗಡಿಯವನಿಗೆ, ಗಿರಾಕಿಗಲ್ಲ.

ಸಿಬ್ಬಂದಿಯೇ ಇಲ್ಲದ, ಕಾರ್ಡ್ ತೋರಿಸಿ ಒಳಹೋಗುವ ಪುಟ್ಟ ಅಂಗಡಿಗಳು ಈಚಿನ ಬದಲಾವಣೆ. ಕೆಲಸಗಾರರೇ ಇಲ್ಲವಲ್ಲ, ಮುಚ್ಚುವುದು ಏಕೆ ಎಂದು ವಾದಿಸಿದವರಿಗೆ 2023ರ ಕೊನೆಯಲ್ಲಿ ಹೆಸ್ಸೆನ್‌ನ ಆಡಳಿತ ನ್ಯಾಯಾಲಯ ಒಪ್ಪಲಿಲ್ಲ. ಮರುವರ್ಷ ರಾಜ್ಯವೇ ಕಾಯ್ದೆ ತಿದ್ದಿ 120 ಚದರ ಮೀಟರ್‌ವರೆಗಿನ ಇಂಥ ಅಂಗಡಿಗಳಿಗೆ ಅನುಮತಿ ಕೊಟ್ಟಿತು. ಬವೇರಿಯಾದ ಹೊಸ ಕಾಯ್ದೆಯಲ್ಲಿ ಮಿತಿ 150 ಚದರ ಮೀಟರ್. ನಿಮ್ಮ ಊರಲ್ಲಿ ಒಂದಿದೆಯೇ ಎಂದು ಈಗಲೇ ನೋಡಿಟ್ಟುಕೊಳ್ಳಿ.

ವರ್ಷದಲ್ಲಿ ಕೆಲವು ಭಾನುವಾರ ಊರಿನ ಅಂಗಡಿಗಳೆಲ್ಲ ತೆರೆಯುವ ಫೆರ್‌ಕೌಫ್ಸ್‌ಓಫೆನರ್ ಝೊನ್‌ಟಾಗ್ ಇರುತ್ತದೆ. ಬವೇರಿಯಾದಲ್ಲಿ ವರ್ಷಕ್ಕೆ ಹೆಚ್ಚೆಂದರೆ 4, ಬಾಡೆನ್-ವುರ್ಟೆಂಬರ್ಗ್‌ನಲ್ಲಿ 3, ಸಾಮಾನ್ಯವಾಗಿ ಮಧ್ಯಾಹ್ನದ ನಂತರ. ಸೋಫಾ ಕೊಳ್ಳಲು ಇದನ್ನೇ ನಂಬಿ ವ್ಯಾನ್ ಬುಕ್ ಮಾಡುವವರು ಒಂದು ತಿಳಿದಿರಬೇಕು: ಜಾತ್ರೆಯೋ ಮೇಳವೋ ಒಂದು ನೆಪ ಇದ್ದರಷ್ಟೇ ಹೀಗೆ ತೆರೆಯಬಹುದು, ಜನ ಬರುವುದು ಮುಖ್ಯವಾಗಿ ಆ ಮೇಳಕ್ಕೇ ಆಗಿರಬೇಕು. ಹಾಗಿಲ್ಲವೆಂದು ವೆರ್‌ಡಿ ನ್ಯಾಯಾಲಯಕ್ಕೆ ಹೋಗಿ ಕಡೇ ಗಳಿಗೆಯಲ್ಲಿ ತಡೆ ತರುವುದುಂಟು. ಶುಕ್ರವಾರ ಊರಿನ ಪತ್ರಿಕೆಯ ವೆಬ್‌ಸೈಟ್ ನೋಡದೆ ವ್ಯಾನ್ ಬುಕ್ ಮಾಡಬೇಡಿ.

ಔಷಧಿಗೆ ಬೇರೆ ಏರ್ಪಾಡಿದೆ. ಪ್ರತಿ ಪ್ರದೇಶದಲ್ಲೂ ಸರದಿಯ ಮೇಲೆ ಒಂದು ಆಪೊಥೇಕೆ ತೆರೆದಿರುತ್ತದೆ. ಮೊಬೈಲ್‌ನಿಂದ 22833ಕ್ಕೆ ಕರೆ ಮಾಡಿದರೆ ಹತ್ತಿರದ್ದು ಯಾವುದೆಂದು ಹೇಳುತ್ತಾರೆ, ಮುಚ್ಚಿರುವ ಯಾವುದೇ ಔಷಧಿ ಅಂಗಡಿಯ ಬಾಗಿಲಲ್ಲೂ ಬರೆದು ಹಚ್ಚಿರುತ್ತಾರೆ. ಭಾನುವಾರ 2.50 ಯೂರೊ ಹೆಚ್ಚುವರಿ ಶುಲ್ಕ. ಬಾಗಿಲು ಹಾಕಿರುತ್ತದೆ, ಗಂಟೆ ಒತ್ತಿದರೆ ಪುಟ್ಟ ಕಿಟಕಿಯಲ್ಲಿ ಕೊಡುತ್ತಾರೆ. ಜೀವಕ್ಕೆ ಅಪಾಯವಿಲ್ಲದ ಜ್ವರ, ಹೊಟ್ಟೆನೋವಿಗೆ ವೈದ್ಯರು ಬೇಕಿದ್ದರೆ 116117. ಅಪಾಯವಿದ್ದರೆ 112.

ಮಿಕ್ಸಿ, ಡ್ರಿಲ್, ಗಾಜಿನ ಬಾಟಲಿ

ಭಾನುವಾರ ಮತ್ತು ಹಬ್ಬದ ದಿನ ಇಡೀ ದಿನ ಶಾಂತಿಯ ವೇಳೆ. ಉಳಿದ ದಿನಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6, ಕೆಲವು ಹೌಸ್‌ಓರ್ಡ್‌ನುಂಗ್‌ಗಳಲ್ಲಿ ಮಧ್ಯಾಹ್ನ 1ರಿಂದ 3 ಕೂಡ. ಗೋಡೆಗೆ ಡ್ರಿಲ್ ಹಾಕುವುದು, ಸುತ್ತಿಗೆ ಹೊಡೆಯುವುದು ಭಾನುವಾರ ಬೇಡವೇ ಬೇಡ. ಪರದೆಯ ಕಂಬಿಗೆ ನಾಲ್ಕೇ ತೂತು ಎಂಬ ಸಮಜಾಯಿಷಿ ನಡೆಯುವುದಿಲ್ಲ. ಕೇಂದ್ರದ 2002ರ ಯಂತ್ರಗದ್ದಲ ನಿಯಮದಡಿ ವಾಸದ ಪ್ರದೇಶದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಭಾನುವಾರ ಪೂರ್ತಿ ನಿಷಿದ್ಧ, ವಾರದ ದಿನಗಳಲ್ಲೂ ರಾತ್ರಿ 8ರಿಂದ ಬೆಳಿಗ್ಗೆ 7ರವರೆಗೆ ನಿಷಿದ್ಧ. ಬೀದಿ ಮೂಲೆಯ ಗಾಜಿನ ಡಬ್ಬಕ್ಕೆ ಬಾಟಲಿ ಹಾಕುವ ವೇಳೆ ಡಬ್ಬದ ಮೇಲೇ ಬರೆದಿರುತ್ತದೆ, ಭಾನುವಾರ ಅದರಲ್ಲಿ ಇರುವುದಿಲ್ಲ.

ಮನೆ ಬದಲಾಯಿಸುವವರಿಗೆ ಇನ್ನೊಂದು ನಿಯಮ ತಾಗುತ್ತದೆ. 7.5 ಟನ್ ಮೀರಿದ ಸರಕು ಲಾರಿ, ಹಿಂದೆ ಟ್ರೇಲರ್ ಕಟ್ಟಿದ ಲಾರಿ ಭಾನುವಾರ ಮಧ್ಯರಾತ್ರಿಯಿಂದ ರಾತ್ರಿ 10ರವರೆಗೆ ರಸ್ತೆಗಿಳಿಯುವಂತಿಲ್ಲ. 3.5 ಟನ್ನಿನ ಬಾಡಿಗೆ ವ್ಯಾನ್‌ಗೆ ಅಡ್ಡಿಯಿಲ್ಲ, ಆದರೆ ಪೆಟ್ಟಿಗೆಗಳನ್ನು ಮೆಟ್ಟಿಲ ಮೇಲೆ ಎಳೆಯುವ ಸದ್ದಿಗೆ ಅಡ್ಡಿಯಿದೆ. ವ್ಯಾನ್ ಕೊಡುವ ಕಚೇರಿಗಳೂ ಊರೊಳಗೆ ಅಂದು ಮುಚ್ಚಿರುತ್ತವೆ. ಸ್ಥಳಾಂತರ ಶನಿವಾರಕ್ಕೇ ಇರಲಿ.

ಮನೆಯೊಳಗಿನ ಸಾಧಾರಣ ಸದ್ದಿಗೆ, ಅಂದರೆ ಅಡುಗೆ, ಮಾತು, ಮಗು ಅಳುವುದು, ನಿಷೇಧವಿಲ್ಲ. ವಾಷಿಂಗ್ ಮಷೀನ್, ವ್ಯಾಕ್ಯೂಮ್ ಕ್ಲೀನರ್ ಕೂಡ ಪಕ್ಕದ ಮನೆಗೆ ಕೇಳಿಸದಷ್ಟಾದರೆ ಸರಿ, ಕಟ್ಟಡದ ನಿಯಮಪಟ್ಟಿ ಬೇರೆ ಹೇಳದಿದ್ದರೆ. ನಮ್ಮವರಿಗೆ ತೊಡಕಾಗುವುದು ಮಿಕ್ಸಿಯಲ್ಲಿ. ಊರಿಂದ ತಂದ 750 ವಾಟ್ಸ್ ಮಿಕ್ಸಿಯ ಆರ್ಭಟ ಸ್ಥಳೀಯ ಬ್ಲೆಂಡರ್‌ನದಲ್ಲ. ಗ್ರಾನೈಟ್ ಕಟ್ಟೆಯ ಮೇಲೆ ನೇರವಾಗಿ ಇಟ್ಟರೆ ಕಂಪನ ಗೋಡೆಯೊಳಗಿಂದ ಕೆಳಮನೆಗೆ ಇಳಿಯುತ್ತದೆ, ಹಾಗಾಗಿ ಮೇಲೆ ಕೇಳುವುದಕ್ಕಿಂತ ಕೆಳಗೆ ಹೆಚ್ಚು ಕೇಳುತ್ತದೆ. ನಾಲ್ಕು ಮಡಿಕೆ ಮಾಡಿದ ದಪ್ಪ ಟವೆಲ್ ಅಥವಾ ವಾಷಿಂಗ್ ಮಷೀನ್‌ಗೆ ಹಾಕುವ ರಬ್ಬರ್ ಹಾಸಿನ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಟವೆಲ್ ಆದರೆ ಮಿಕ್ಸಿಯ ಅಡಿಯಲ್ಲಿರುವ ಗಾಳಿಕಂಡಿ ಮುಚ್ಚದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮೋಟರ್ ಕಾದು ನಿಲ್ಲುತ್ತದೆ.

ಭಾನುವಾರ ದೋಸೆ ಬೇಕೆಂದರೆ ರುಬ್ಬುವುದು ಶನಿವಾರ ಮಧ್ಯಾಹ್ನ 3ರಿಂದ ರಾತ್ರಿ 8ರ ನಡುವೆ. ಹಾಗೆ ನೋಡಿದರೆ ಕಾನೂನಿಗೂ ಹುದುಗಿಗೂ ಇದೇ ಹೊಂದುವ ವೇಳೆ. 3 ಲೋಟ ಅಕ್ಕಿ, 1 ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ ಬೆಳಿಗ್ಗೆ ನೆನೆಹಾಕಿದರೆ 4 ಗಂಟೆಗೆ ರುಬ್ಬಲು ತಯಾರು. ಚಳಿಗಾಲದಲ್ಲಿ ಅಡುಗೆಮನೆ 18–19 ಡಿಗ್ರಿ ಇದ್ದಾಗ ಹಿಟ್ಟು ರಾತ್ರಿಯೊಳಗೆ ಉಬ್ಬುವುದಿಲ್ಲ. ಓವನ್ ಹೊತ್ತಿಸದೆ ಅದರ ದೀಪ ಮಾತ್ರ ಹಾಕಿ ಪಾತ್ರೆ ಒಳಗಿಟ್ಟರೆ 14–16 ಗಂಟೆಯಲ್ಲಿ ಹುದುಗುತ್ತದೆ. ರಾತ್ರಿ 9ಕ್ಕೆ ರುಬ್ಬಿದರೆ ಬೆಳಿಗ್ಗೆ ಹಿಟ್ಟು ಮಲಗಿರುತ್ತದೆ, ನೆರೆಯವರು ಮಲಗಿರುವುದಿಲ್ಲ. ಚಟ್ನಿಗೆ ಭಾನುವಾರ ಬೆಳಿಗ್ಗೆ 9ರ ಮೇಲೆ ಕೆಲವೇ ಸೆಕೆಂಡುಗಳಷ್ಟು ಎರಡು ಮೂರು ಸಲ ತಿರುಗಿಸಿದರೆ ಯಾರೂ ಚೀಟಿ ಬರೆಯುವುದಿಲ್ಲ. ಅರ್ಧ ಗಂಟೆ ಓಡುವ ವೆಟ್ ಗ್ರೈಂಡರ್‌ಗೆ ಈ ರಿಯಾಯಿತಿ ಇಲ್ಲ.

ಸಂಘದ ಹಬ್ಬಕ್ಕೆ ಹಾಲ್ ಹಿಡಿಯುವ ಮುನ್ನ

ಕನ್ನಡ ಸಂಘಗಳು ಎಡವುವುದು ಹೆಚ್ಚಾಗಿ ಇಲ್ಲೇ. ನವೆಂಬರ್ 1 ನಮಗೆ ರಾಜ್ಯೋತ್ಸವ. ಕ್ಯಾಥೊಲಿಕರಿಗೆ ಅದು ಆಲರ್‌ಹೈಲಿಗೆನ್, ಸಮಸ್ತ ಸಂತರ ದಿನ, ಸಮಾಧಿಗಳಿಗೆ ದೀಪ ಹಚ್ಚುವ ದಿನ. ಬವೇರಿಯಾ, ಬಾಡೆನ್-ವುರ್ಟೆಂಬರ್ಗ್, ನಾರ್ಥ್ ರೈನ್-ವೆಸ್ಟ್‌ಫಾಲಿಯಾ, ರೈನ್‌ಲ್ಯಾಂಡ್-ಪ್ಯಾಲಟಿನೇಟ್, ಝಾರ್‌ಲ್ಯಾಂಡ್‌ಗಳಲ್ಲಿ ಸರ್ಕಾರಿ ರಜೆ. ರಜೆ ಇದೆಯಲ್ಲ, ಅಂದೇ ಕಾರ್ಯಕ್ರಮ ಇಟ್ಟುಬಿಡೋಣ ಎಂದು ಹೊರಟರೆ ಗೋಡೆಗೆ ಹಾಯುತ್ತೀರಿ. ಬವೇರಿಯಾದಲ್ಲಿ ಅದು ‘ಮೌನದ ದಿನ’ಗಳಲ್ಲಿ ಒಂದು. ದಿನದ ಗಂಭೀರ ಸ್ವರೂಪಕ್ಕೆ ಒಪ್ಪದ ಸಾರ್ವಜನಿಕ ಮನರಂಜನೆ ಅಂದು ನಿಷಿದ್ಧ, ಮುರಿದರೆ ದಂಡ 10,000 ಯೂರೊವರೆಗೆ ಹೋಗಬಹುದು.

ಬವೇರಿಯಾದ ಮೌನದ ದಿನಗಳು ಒಟ್ಟು 9: ಆಶ್ ವೆಡ್ನೆಸ್‌ಡೇ, ಗುಡ್ ಫ್ರೈಡೆಯ ಹಿಂದಿನ ಗುರುವಾರ, ಗುಡ್ ಫ್ರೈಡೆ, ಅದರ ಮರುದಿನದ ಶನಿವಾರ, ನವೆಂಬರ್ 1, ಯುದ್ಧದಲ್ಲಿ ಮಡಿದವರನ್ನು ನೆನೆಯುವ ಫೋಲ್ಕ್ಸ್‌ಟ್ರೌಅರ್‌ಟಾಗ್ ಭಾನುವಾರ, ಪ್ರಾಯಶ್ಚಿತ್ತ ಪ್ರಾರ್ಥನೆಯ ಬುಧವಾರ, ಮೃತರ ಭಾನುವಾರವಾದ ಟೋಟೆನ್‌ಝೊನ್‌ಟಾಗ್, ಮತ್ತು ಡಿಸೆಂಬರ್ 24ರ ಮಧ್ಯಾಹ್ನ 2ರ ನಂತರ. ನಿಷೇಧ ಶುರುವಾಗುವುದು ಸಾಮಾನ್ಯವಾಗಿ ಬೆಳಗಿನ ಜಾವ 2ಕ್ಕೆ, ಗುಡ್ ಫ್ರೈಡೆ ಮತ್ತು ಅದರ ಮರುದಿನ ಮಧ್ಯರಾತ್ರಿ 12ಕ್ಕೇ. ಬೇರೆ ರಾಜ್ಯಗಳಲ್ಲಿ ಪಟ್ಟಿ ಚಿಕ್ಕದು, ವೇಳೆ ಬೇರೆ. ಬರ್ಲಿನ್‌ನಲ್ಲಿ ಗುಡ್ ಫ್ರೈಡೆಯ ನಿರ್ಬಂಧ ಬೆಳಿಗ್ಗೆ 4ಕ್ಕೆ ಶುರುವಾಗಿ ರಾತ್ರಿ 9ಕ್ಕೇ ಮುಗಿಯುತ್ತದೆ.

ಇದನ್ನು ಕ್ಯಾಲೆಂಡರ್ ಮೇಲಿಟ್ಟು ನೋಡಿ. 2026ರಲ್ಲಿ ನವೆಂಬರ್ 1 ಭಾನುವಾರ. ಮ್ಯೂನಿಕ್‌ನಲ್ಲಿ ರಾಜ್ಯೋತ್ಸವ ಮಾಡುವವರು ಅಕ್ಟೋಬರ್ 31ರ ಶನಿವಾರ ಹಾಲ್ ಹಿಡಿದು ರಾತ್ರಿ 11ಕ್ಕೆ ಮುಗಿಸಿದರೆ ಯಾವ ತಕರಾರೂ ಇಲ್ಲ. ದೀಪಾವಳಿ ಆ ವರ್ಷ ನವೆಂಬರ್ 8ಕ್ಕೆ. ಸಂಘಗಳು ಸಾಮಾನ್ಯವಾಗಿ ಹಬ್ಬದ ಮುಂದಿನ ವಾರಾಂತ್ಯ ಕೂಟ ಇಡುತ್ತವೆ, ಆದರೆ ನವೆಂಬರ್ 15 ಫೋಲ್ಕ್ಸ್‌ಟ್ರೌಅರ್‌ಟಾಗ್, 22 ಟೋಟೆನ್‌ಝೊನ್‌ಟಾಗ್. ಶನಿವಾರ 14ರ ಸಂಜೆ ಮಾಡಬಹುದು, ಕುಣಿತ ಬೆಳಗಿನ ಜಾವ 2 ದಾಟಬಾರದು. ಭಾನುವಾರ ಮಧ್ಯಾಹ್ನದ ಊಟ, ಮಕ್ಕಳ ಡ್ಯಾನ್ಸ್ ಎಂದು ಯೋಚಿಸಿದ್ದರೆ 7–8ನೇ ತಾರೀಕಿಗೇ ತಂದುಬಿಡಿ.

ನವೆಂಬರ್ 1ರಂದೇ ಆಗಬೇಕೆಂದು ಹಟವಿದ್ದರೆ ಧ್ವಜಾರೋಹಣ, ನಾಡಗೀತೆ, ಭಾಷಣ, ಕವಿಗೋಷ್ಠಿಗೆ ಸೀಮಿತಗೊಳಿಸಿ, ಡಿಜೆ ಮತ್ತು ಆರ್ಕೆಸ್ಟ್ರಾವನ್ನು ಇನ್ನೊಂದು ದಿನಕ್ಕಿಡಿ. ಶಾಸ್ತ್ರೀಯ ನೃತ್ಯ ಗಂಭೀರವೋ ಮನರಂಜನೆಯೋ ಎಂಬುದನ್ನು ನೀವೇ ತೀರ್ಮಾನಿಸಬೇಡಿ, ಊರಿನ ಆಡಳಿತಕ್ಕೆ ಬರೆದು ಕೇಳಿ. ಮ್ಯೂನಿಕ್‌ನಲ್ಲಿ ಅದು ಕೆಫಾವ್‌ಎರ್ ಎಂದು ಕರೆಯುವ ಕಚೇರಿ, ಬೇರೆಡೆ ಓರ್ಡ್‌ನುಂಗ್ಸ್‌ಆಮ್ಟ್. ಪತ್ರದಲ್ಲಿ ಜಾಗ, ಆರಂಭ ಮತ್ತು ಮುಕ್ತಾಯದ ವೇಳೆ, ಎಷ್ಟು ಜನ, ಯಾವ ಯಾವ ಕಾರ್ಯಕ್ರಮ, ಧ್ವನಿವರ್ಧಕ ಇದೆಯೇ, ಮದ್ಯ ಇದೆಯೇ ಎಂಬುದು ಸ್ಪಷ್ಟವಾಗಿರಲಿ. ಕನಿಷ್ಠ 6 ವಾರ ಮುಂಚೆ ಕಳಿಸಿ, ಉತ್ತರ ಕಾಗದದಲ್ಲೋ ಇಮೇಲ್‌ನಲ್ಲೋ ಬರುವವರೆಗೆ ಟಿಕೆಟ್ ಮಾರಬೇಡಿ. ವಿನಾಯಿತಿ ಕೊಡುವ ಅಧಿಕಾರ ಅವರಿಗಿದೆ. ಗುಡ್ ಫ್ರೈಡೆಗೆ ಮಾತ್ರ ಬವೇರಿಯಾ ಯಾವ ವಿನಾಯಿತಿಯನ್ನೂ ಇಟ್ಟಿರಲಿಲ್ಲ. ಮ್ಯೂನಿಕ್‌ನ ನಾಸ್ತಿಕರ ಸಂಘವೊಂದು 2007ರಲ್ಲಿ ಅಂದೇ ಕುಣಿತದ ಕೂಟ ಇಡಲು ಹೋಗಿ ತಡೆಗೊಳಗಾಗಿ, ಕೇಸು ನಡೆದು, ವಿನಾಯಿತಿಯೇ ಇಲ್ಲವೆನ್ನುವುದು ಸಂವಿಧಾನಬಾಹಿರ ಎಂದು 2016ರಲ್ಲಿ ತೀರ್ಪು ಬಂತು. ಹಾಗೆಂದು ಯುಗಾದಿ ಕೂಟವನ್ನು ಗುಡ್ ಫ್ರೈಡೆಗೆ ಇಟ್ಟುಕೊಂಡು ಅದೇ ವಾದ ಹೂಡುವಷ್ಟು ಹಣ, ಹತ್ತು ವರ್ಷ ತಾಳ್ಮೆ ಯಾವ ಸಂಘಕ್ಕಿದೆ?

ಖಾಸಗಿ ಕೂಟಕ್ಕೆ ಈ ನಿಷೇಧ ಅನ್ವಯಿಸುವುದಿಲ್ಲ ಎಂಬುದು ನಿಜ. ಆದರೆ ಫೇಸ್‌ಬುಕ್‌ನಲ್ಲಿ ಪೋಸ್ಟರ್ ಹಾಕಿ, ಯಾರು ಬೇಕಾದರೂ ಟಿಕೆಟ್ ಕೊಳ್ಳಬಹುದಾದರೆ ಅದು ಸಾರ್ವಜನಿಕ. ‘ಸದಸ್ಯರಿಗೆ ಮಾತ್ರ’ ಎಂದು ಬರೆದು ಬಾಗಿಲಲ್ಲಿ ಸದಸ್ಯತ್ವ ಕೊಟ್ಟರೂ ಸಾರ್ವಜನಿಕವೇ. ಹೆಸರು ಹಿಡಿದು ಕರೆದ, ಪರಸ್ಪರ ಪರಿಚಿತರ ಹುಟ್ಟುಹಬ್ಬ, ನಾಮಕರಣ ಖಾಸಗಿ.

ಸೀರೆ, ಒಡವೆ ಮಳಿಗೆಗಳದ್ದು ಎಲ್ಲರೂ ಮರೆಯುವ ಸಂಗತಿ. ಭಾನುವಾರದ ಕಾರ್ಯಕ್ರಮದಲ್ಲಿ ಊಟ, ಚುರುಮುರಿ, ಕಾಫಿ ಅಲ್ಲೇ ತಿನ್ನಲು ಕುಡಿಯಲು ಮಾರಬಹುದು, ಸೀರೆ ಮಾರುವಂತಿಲ್ಲ. ಮಾರಾಟದ ನಿಷೇಧ ಅಂಗಡಿಗಷ್ಟೇ ಅಲ್ಲ, ಹಾಲ್‌ನ ಮೂಲೆಯಲ್ಲಿ ಹಾಕಿದ ಮೇಜಿಗೂ ಇದೆ. ಮಳಿಗೆಗಳ ಬಾಡಿಗೆಯಿಂದಲೇ ಖರ್ಚು ಹುಟ್ಟಿಸುವ ಲೆಕ್ಕವಿದ್ದರೆ ಕಾರ್ಯಕ್ರಮ ಶನಿವಾರವೇ ಇರಬೇಕು. ಗಣೇಶನ ಮೆರವಣಿಗೆ ಭಾನುವಾರವಾದರೆ ಮಧ್ಯಾಹ್ನ 12ರ ನಂತರ ಹೊರಡಿಸಿ, ಬೆಳಗಿನ ಮುಖ್ಯ ಪ್ರಾರ್ಥನೆಯ ಹೊತ್ತಿನಲ್ಲಿ ಚರ್ಚಿನ ಆಸುಪಾಸು ಗದ್ದಲಕ್ಕೆ ತಡೆಯಿದೆ.

ದೀಪಾವಳಿಗೆ ಪಟಾಕಿ ಕೇಳುವವರಿಗೆ ಒಂದು ಮಾತು: ರಾಕೆಟ್, ಸರಪಟಾಕಿ ಹಚ್ಚಲು ಸಾಮಾನ್ಯರಿಗೆ ಅನುಮತಿ ಇರುವುದು ಡಿಸೆಂಬರ್ 31 ಮತ್ತು ಜನವರಿ 1ರಂದು ಮಾತ್ರ. ಇದು ಧರ್ಮದ ಕಾನೂನಲ್ಲ, ಸ್ಫೋಟಕಗಳದ್ದು. ಸುರುಸುರುಬತ್ತಿ ವರ್ಷವಿಡೀ ಸರಿ.

ಹಬ್ಬದ ರಜೆ ರಾಜ್ಯಕ್ಕೊಂದು

ಆಗಸ್ಟ್ 15 ನಮ್ಮ ಸ್ವಾತಂತ್ರ್ಯ ದಿನ, ಮ್ಯೂನಿಕ್‌ನಲ್ಲೂ ರಜೆ, ಕಾರಣ ಮಾತ್ರ ಮೇರಿ ಮಾತೆಯ ಹಬ್ಬ. ಬವೇರಿಯಾದಲ್ಲಿ ಆ ರಜೆ ಕ್ಯಾಥೊಲಿಕರು ಹೆಚ್ಚಿರುವ ಊರುಗಳಿಗೆ ಮಾತ್ರ. ಡಾನ್ಯೂಬ್ ನದಿಯ ಒಂದು ದಡದ ನೊಯ್-ಉಲ್ಮ್ ಬವೇರಿಯಾದ್ದು, ಅಂದು ಅಂಗಡಿ ಬಂದ್. ಸೇತುವೆ ದಾಟಿ ಉಲ್ಮ್‌ಗೆ ಹೋದರೆ ಬಾಡೆನ್-ವುರ್ಟೆಂಬರ್ಗ್, ಎಲ್ಲ ತೆರೆದಿರುತ್ತದೆ. ಜನವರಿ 6ಕ್ಕೆ ಮಾನ್‌ಹೈಮ್‌ನಲ್ಲಿ ಬಂದ್, ರೈನ್ ನದಿಯಾಚೆಯ ಲುಡ್‌ವಿಗ್ಸ್‌ಹಾಫೆನ್‌ನಲ್ಲಿ ವ್ಯಾಪಾರ. ಗಡಿಯ ಊರಿನವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಕೆಲಸದ ರಜೆ ಮಾತ್ರ ನೀವು ದುಡಿಯುವ ಜಾಗದ ರಾಜ್ಯದ ಲೆಕ್ಕದಲ್ಲಿ, ಮಲಗುವ ಜಾಗದ ಲೆಕ್ಕದಲ್ಲಲ್ಲ.

ಸಾಲು ರಜೆಗಳಿಗೆ ಮುಂಚೆಯೇ ಸಾಮಾನು ತುಂಬಿಸಿಕೊಳ್ಳಿ. ಈಸ್ಟರ್‌ಗೆ ಶುಕ್ರವಾರ ಬಂದ್, ಶನಿವಾರ ತೆರೆದಿರುತ್ತದೆ, ಭಾನುವಾರ ಮತ್ತು ಸೋಮವಾರ ಮತ್ತೆ ಬಂದ್. 2026ರ ಕ್ರಿಸ್‌ಮಸ್ ಇನ್ನೂ ಉದ್ದ: ಡಿಸೆಂಬರ್ 24 ಗುರುವಾರ ಮಧ್ಯಾಹ್ನ 2ಕ್ಕೆ ಮುಚ್ಚಿದರೆ 25, 26 ಹಬ್ಬ, 27 ಭಾನುವಾರ, ಮತ್ತೆ ತೆರೆಯುವುದು 28ರ ಸೋಮವಾರ. ಇಬ್ಬರಿರುವ ಮನೆಗೆ 4 ಲೀಟರ್ ಹಾಲು, ಹೆಪ್ಪಿಗೆ ಒಂದು ಡಬ್ಬಿ ಮೊಸರು, ಎರಡು ಕಿಲೋ ಈರುಳ್ಳಿ ಇದ್ದರೆ ಸಾಕು. ಮಗುವಿದ್ದರೆ ಡೈಪರ್ ಮತ್ತು ಜ್ವರದ ಔಷಧಿ 23ಕ್ಕೇ ತನ್ನಿ.

ಭಾನುವಾರದ ಕೆಲಸ, ಮತ್ತು ದೂರು ಬಂದರೆ

ಉದ್ಯೋಗಿಗಳನ್ನು ಭಾನುವಾರ ದುಡಿಸಬಾರದೆಂದು ಕೆಲಸದ ವೇಳೆಯ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ಆಸ್ಪತ್ರೆ, ಹೋಟೆಲ್, ಸಾರಿಗೆಯಂಥವಕ್ಕೆ ವಿನಾಯಿತಿ. ಐಟಿಯಲ್ಲಿರುವವರು ಬೆಂಗಳೂರಿನ ತಂಡದ ಹಟಕ್ಕೆ ಭಾನುವಾರ ರಿಲೀಸ್ ಮಾಡಿ ಟೈಮ್‌ಶೀಟ್‌ನಲ್ಲಿ ಸೋಮವಾರ ಎಂದು ಬರೆಯುವುದುಂಟು. ಬೇಡ. ಮ್ಯಾನೇಜರ್‌ನಿಂದ ಲಿಖಿತ ಆದೇಶ ಕೇಳಿ, ಆದೇಶದಲ್ಲಿ ಬದಲಿ ರಜೆಯ ದಿನವೂ ಇರಲಿ. ಭಾನುವಾರ ದುಡಿದರೆ ಎರಡು ವಾರದೊಳಗೆ ಬದಲಿ ರಜೆ ಸಿಗಬೇಕು, ವರ್ಷದಲ್ಲಿ ಕನಿಷ್ಠ 15 ಭಾನುವಾರ ನಿಮ್ಮದಾಗಿ ಉಳಿಯಬೇಕು. ಕಾಯ್ದೆ ಮುರಿದರೆ 30,000 ಯೂರೊವರೆಗಿನ ದಂಡ ಕಂಪನಿಗೆ.

ಸದ್ದಿನ ದೂರು ಬರುವುದು ಹಂತಹಂತವಾಗಿ. ಮೊದಲು ಬಾಗಿಲಿಗೆ ಅಂಟಿಸಿದ ಚೀಟಿ. ಅದಕ್ಕೆ ಅಂದೇ ಹೋಗಿ ಗಂಟೆ ಒತ್ತಿ ಎರಡು ಮಾತಾಡಿದರೆ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಮುಂದಿನದು ಕಟ್ಟಡ ನೋಡಿಕೊಳ್ಳುವ ಕಂಪನಿಯ ಪತ್ರ. ಅದರಲ್ಲಿ ಆಬ್‌ಮಾನುಂಗ್ ಎಂಬ ಪದವಿದ್ದರೆ ಅದು ಲಿಖಿತ ಎಚ್ಚರಿಕೆ, ಅದೇ ತಪ್ಪು ಮರುಕಳಿಸಿದರೆ ಬಾಡಿಗೆ ಕರಾರು ರದ್ದತಿಗೆ ಆಧಾರವಾಗುತ್ತದೆ. ಸುಮ್ಮನಿರಬೇಡಿ, ಫೋನಿನಲ್ಲಿ ಕ್ಷಮೆ ಕೇಳಿ ಮುಗಿಸಲೂ ಬೇಡಿ. ಪತ್ರದಲ್ಲಿ ಹೇಳಿದ ದಿನ ಮತ್ತು ವೇಳೆಯನ್ನು ನಿಮ್ಮ ಕ್ಯಾಲೆಂಡರ್ ಜೊತೆ ತಾಳೆ ನೋಡಿ. ಅಂದು ನೀವು ಊರಲ್ಲೇ ಇರದಿದ್ದರೆ ರೈಲಿನ ಟಿಕೆಟ್ ಲಗತ್ತಿಸಿ ಲಿಖಿತವಾಗಿ ಉತ್ತರಿಸಿ. ತಪ್ಪು ನಿಮ್ಮದೇ ಆಗಿದ್ದರೆ ಏನು ಬದಲಾಯಿಸಿದಿರಿ ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ. ಉತ್ತರ ಕಳಿಸುವ ಮುನ್ನ ಊರಿನ ಮೀಟರ್‌ಫೆರೈನ್, ಅಂದರೆ ಬಾಡಿಗೆದಾರರ ಸಂಘದ ವಕೀಲರಿಗೆ ತೋರಿಸಿ. ವರ್ಷದ ಚಂದಾ ಕಟ್ಟಿ ಸದಸ್ಯರಾದವರಿಗೆ ಅಲ್ಲಿ ಸಲಹೆಗೆ ಬೇರೆ ಶುಲ್ಕವಿಲ್ಲ.